ತೂಕದ ಮೇಷ್ಟ್ರ ಕಾರ್ಡು

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಎಲ್ಲರ ಬಾಯಿಗೆ ಬರುತ್ತಿದ್ದುದು ಕಾರ್ಡಕ್ಕ ಅಂತಲೇ. ಅವಳ ಮೇಜಿನ ಬಲಗಡೆ ಒಂದು ಮರದ ಪೆಟ್ಟಿಗೆ, ಅದರ ತುಂಬ ಅಂಗೈ ಅಗಲದ ಕಾರ್ಡುಗಳು. ಕಚೇರಿಗೆ ಕಂಪ್ಯೂಟರ್ ಬಂದು, ಹಳೆಯದಾಗಿ, ಮೂರು ಸಲ ಬದಲಾಗಿತ್ತು. ಪೆಟ್ಟಿಗೆ ಮಾತ್ರ ಜಾಗ ಬಿಟ್ಟು ಕದಲಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರ ಅದನ್ನು ನೋಡಿ ನಗುತ್ತಿದ್ದರು, ಎರಡನೆಯ ವಾರ ಬಂದು ಕಾರ್ಡು ಕೇಳುತ್ತಿದ್ದರು.

ಅದು ನೀರಿನ ವಿಜ್ಞಾನಕ್ಕೆ ಮೀಸಲಾದ ಸಂಶೋಧನಾ ಪತ್ರಿಕೆ. ಯಾರಾದರೂ ಲೇಖನ ಕಳಿಸಿದರೆ ಅದನ್ನು ಆ ವಿಷಯ ಬಲ್ಲ ಇಬ್ಬರಿಗೆ ಕಳಿಸಬೇಕು. ಅವರು ಓದಿ, ಇದು ಸರಿ ಇದು ತಪ್ಪು ಎಂದು ವರದಿ ಬರೆಯಬೇಕು. ಆಮೇಲೆ ಸಂಪಾದಕರು ಅಚ್ಚು ಹಾಕುವುದೋ ಬಿಡುವುದೋ ತೀರ್ಮಾನಿಸಬೇಕು. ಆ ಇಬ್ಬರನ್ನು ಹುಡುಕುವುದು, ಒಪ್ಪಿಸುವುದು, ಬೆನ್ನು ಹತ್ತಿ ವರದಿ ತರಿಸುವುದು ಕಾರ್ಡಕ್ಕನ ಕೆಲಸ. ಅವಳೇನು ವಿಜ್ಞಾನಿಯಲ್ಲ. ಟೈಪಿಂಗ್ ಕಲಿತು ಇಪ್ಪತ್ತೈದನೆಯ ವಯಸ್ಸಿಗೆ ಬಂದವಳು, ಮೂವತ್ತೊಂದು ವರ್ಷ ಅದೇ ಕುರ್ಚಿಯಲ್ಲಿ ಕೂತವಳು. ಆದರೆ ವಿಜ್ಞಾನಿಗಳ ಜಾತಕವೆಲ್ಲ ಅವಳ ಕೈಯಲ್ಲಿತ್ತು. ಒಂದು ಕಾರ್ಡಿನಲ್ಲಿ ‘ಹೊಗಳುತ್ತಾರೆ, ಓದುವುದಿಲ್ಲ’ ಎಂದಿರುತ್ತಿತ್ತು. ಇನ್ನೊಂದರಲ್ಲಿ ‘ಶಿಷ್ಯರ ಕೈಲಿ ಬರೆಸುತ್ತಾರೆ, ಶಿಷ್ಯರೇ ವಾಸಿ.’ ಮತ್ತೊಂದರಲ್ಲಿ ‘ಗಂಡ ಹೆಂಡತಿ ಇಬ್ಬರೂ ಇದೇ ವಿಷಯ. ಒಬ್ಬರಿಗೆ ಕಳಿಸಿದರೆ ಇನ್ನೊಬ್ಬರಿಗೆ ಮುನಿಸು.’

ಆ ಪೆಟ್ಟಿಗೆಯಲ್ಲಿ ತುದಿ ಸವೆದು ಮೆತ್ತಗಾದ ಕಾರ್ಡು ಒಂದೇ ಒಂದು. ಅದು ತೂಕದ ಮೇಷ್ಟ್ರದು.

ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಬೇರೆಯವರು ಲೇಖನ ಓದಿ ವರದಿ ಬರೆದರೆ, ಅವರು ಲೇಖನದಲ್ಲಿದ್ದ ಪ್ರಯೋಗವನ್ನು ತಮ್ಮ ಮನೆಯ ಒಂದು ಕೋಣೆಯಲ್ಲಿ ತಾವೇ ಮತ್ತೊಮ್ಮೆ ಮಾಡಿ ನೋಡಿ ಬರೆಯುತ್ತಿದ್ದರು. ಎಲ್ಲವನ್ನೂ ಅಲ್ಲ, ಲೇಖನ ಯಾವುದರ ಮೇಲೆ ನಿಂತಿದೆಯೋ ಆ ಒಂದನ್ನು. ಅವರ ಹತ್ತಿರ ಗಾಜಿನ ಗೂಡಿನೊಳಗೆ ಕೂರಿಸಿದ ಹಳೆಯ ಸೂಕ್ಷ್ಮ ತಕ್ಕಡಿಯೊಂದಿತ್ತು. ಅದರಲ್ಲಿ ತೂಗದೆ ಅವರು ಯಾವುದಕ್ಕೂ ಹೂಂ ಅಂದವರಲ್ಲ, ಊಹೂಂ ಅಂದವರೂ ಅಲ್ಲ. ಹೀಗಾಗಿ ಅವರ ವರದಿಗೆ ತಿಂಗಳು, ಒಂದೂವರೆ ತಿಂಗಳು ಹಿಡಿಯುತ್ತಿತ್ತು. ಬಂದಾಗ ನೀಲಿ ಶಾಯಿಯ ಗುಂಡು ಅಕ್ಷರದ ನಾಲ್ಕು ಹಾಳೆ, ಕೊನೆಯಲ್ಲಿ ತಪ್ಪದೆ ಒಂದು ಸಾಲು: ‘ತಡಕ್ಕೆ ಕ್ಷಮೆ ಇರಲಿ, ಕಾಯಬೇಕಾಯಿತು.’ ಕಾರ್ಡಿನ ಹಿಂಬದಿಯಲ್ಲಿ ಕಾರ್ಡಕ್ಕ ಅವರು ತೆಗೆದುಕೊಂಡ ದಿನಗಳನ್ನು ಬರೆದಿಡುತ್ತಿದ್ದಳು. ನಲವತ್ತೆರಡು, ಮೂವತ್ತೆಂಟು, ಐವತ್ತೊಂದು. ಹಳೆಯ ಸಂಪಾದಕರು ಆ ಅಂಕಿಗಳನ್ನು ನೋಡಿ ಹಣೆ ಚಚ್ಚಿಕೊಂಡರೂ, ಅನುಮಾನದ ಲೇಖನ ಬಂದಾಗ ಮೊದಲು ಕೇಳುತ್ತಿದ್ದದ್ದು ಅವರನ್ನೇ. ಮೇಷ್ಟ್ರನ್ನು ಕಾರ್ಡಕ್ಕ ಒಂದು ಸಲವೂ ಮುಖತಃ ನೋಡಿರಲಿಲ್ಲ.

ಆಮೇಲೆ ಪತ್ರಿಕೆಯನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ಚಂದಾ ಹೋಯಿತು, ಅಚ್ಚಿನ ಪ್ರತಿ ಹೋಯಿತು. ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಬಿಡಿಗಾಸು ಕೊಡದೆ ಓದಬಹುದು, ಖರ್ಚು ಬರೆದವರದು ಎಂದಾಯಿತು. ಬಾಗಿಲು ತೆಗೆದದ್ದನ್ನು ತಪ್ಪು ಅನ್ನಲಾರೆ. ಕಾರ್ಡಕ್ಕನ ತಂಗಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸಕ್ಕಿದ್ದಳು. ಮೊದಲು ಒಂದು ಲೇಖನ ಬೇಕಾದರೆ ಅಕ್ಕನ ಕೈಕಾಲು ಹಿಡಿಯಬೇಕಿತ್ತು, ಈಗ ಊಟದ ಬಿಡುವಿನಲ್ಲಿ ಫೋನಿನಲ್ಲೇ ಓದುತ್ತಿದ್ದಳು. ಮದುವೆಯಾಗದ ಆ ಅಕ್ಕತಂಗಿಯರಿಬ್ಬರೂ ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒಟ್ಟಿಗಿದ್ದರು.

ಆದರೆ ತೆರೆದ ಬಾಗಿಲಿನಲ್ಲಿ ನುಗ್ಗಾಟ ಶುರುವಾಯಿತು. ವರ್ಷಕ್ಕೆ ನಲವತ್ತು ಲೇಖನ ಬರುತ್ತಿದ್ದ ಕಡೆ ವಾರಕ್ಕೆ ನಲವತ್ತು. ಒಂದು ಪತ್ರಿಕೆಯಿದ್ದದ್ದು ಆರು ವರ್ಷದಲ್ಲಿ ಹನ್ನೊಂದಾಯಿತು. ಮೇಲೆ ‘ಫಾಸ್ಟ್ ಟ್ರ್ಯಾಕ್’ ಎಂಬ ಹಣೆಪಟ್ಟಿ ಬೇರೆ. ವರದಿ ಬರೆಯುವ ಪರಿಶೀಲಕರಿಗೆ ಹತ್ತು ದಿನ ಗಡುವು. ಮೂರು ಸಲ ಗಡುವು ತಪ್ಪಿಸಿದವರನ್ನು ಕಂಪನಿಯ ಕಂಪ್ಯೂಟರ್ ಸಿಸ್ಟಮ್ ತಾನೇ ಪಟ್ಟಿಯಿಂದ ತೆಗೆದುಹಾಕಿ, ‘ತಮ್ಮ ಸಹಕಾರ ಇನ್ನು ಅಗತ್ಯವಿಲ್ಲ’ ಎಂದು ಇ-ಮೇಲ್ ಕಳಿಸುತ್ತಿತ್ತು. ಇನ್ನೊಂದು ಹೊಸ ಪದ್ಧತಿಯೂ ಬಂತು. ಎಲ್ಲವೂ ಪಾರದರ್ಶಕವಾಗಿರಲಿ ಎಂದು ಪ್ರತಿ ಲೇಖನದ ಕೆಳಗೆ ಅದನ್ನು ಒಪ್ಪಿದ ಪರಿಶೀಲಕರ ಹೆಸರು ಹಾಕತೊಡಗಿದರು.

ಮೇಷ್ಟ್ರಿಗೆ ಕಂಪ್ಯೂಟರ್ ಒಗ್ಗಲಿಲ್ಲ. ಅವರ ಖಾತೆಯನ್ನು ಕಾರ್ಡಕ್ಕನೇ ತೆರೆದಳು, ಅವರನ್ನು ಕೇಳಿಯೇ. ಇ-ಮೇಲ್ ವಿಳಾಸ ಅವರ ಮಗಳದು, ಪಾಸ್‌ವರ್ಡು ಕಾರ್ಡಿನ ಮೂಲೆಯಲ್ಲಿ. ಲೇಖನವನ್ನು ಮುದ್ರಿಸಿ ಕೊರಿಯರ್‌ನಲ್ಲಿ ಕಳಿಸುವುದು, ಅವರ ಕೈಬರಹದ ವರದಿ ಬಂದ ಮೇಲೆ ಅಕ್ಷರ ಬಿಡದೆ ಟೈಪು ಮಾಡಿ ಸಿಸ್ಟಮ್‌ಗೆ ಏರಿಸುವುದು, ಹೀಗೆ ನಡೆಯಿತು. ಅವರಂಥ ಹಳಬರು ಇನ್ನೂ ಕೆಲವರಿದ್ದರು, ಒಬ್ಬೊಬ್ಬರಾಗಿ ಪಟ್ಟಿಯಿಂದ ಉದುರಿದರು. ಮೇಷ್ಟ್ರು ಎರಡು ಸಲ ಗಡುವು ತಪ್ಪಿಸಿದ್ದರು.

ಮೂರನೆಯ ಸಲ ಕಾರ್ಡಕ್ಕ ಒಂದು ಉಪಾಯ ಮಾಡಿದಳು. ಹತ್ತನೆಯ ದಿನ ಅವರ ಹೆಸರಿನಲ್ಲಿ ಒಳಹೊಕ್ಕು ‘ಸಣ್ಣ ತಿದ್ದುಪಡಿಯೊಂದಿಗೆ ಒಪ್ಪಬಹುದು’ ಎಂಬುದಕ್ಕೆ ಗುರುತು ಹಾಕಿದಳು. ನಿಜವಾದ ವರದಿ ಬಂದ ಮೇಲೆ, ಸಂಪಾದಕರು ತೀರ್ಮಾನ ಮಾಡುವ ಮೊದಲು, ಅದನ್ನು ತೆಗೆದು ಇದನ್ನು ಇಟ್ಟರಾಯಿತು ಎಂಬ ಲೆಕ್ಕ. ‘ಬೇಡ’ ಎಂಬುದಕ್ಕೆ ಯಾಕೆ ಗುರುತು ಹಾಕಲಿಲ್ಲ ಎಂದರೆ, ಬೇಡ ಅಂದವರು ಐನೂರು ಪದಗಳಲ್ಲಿ ಕಾರಣ ತುಂಬದೆ ಸಿಸ್ಟಮ್ ಮುಂದಕ್ಕೆ ಬಿಡುತ್ತಿರಲಿಲ್ಲ. ಬೇಕು ಅನ್ನುವುದಕ್ಕೆ ಎರಡು ಸಾಲು ಸಾಕು. ಸಂಪಾದಕರು ಆ ವಾರ ಪ್ರವಾಸದಲ್ಲಿದ್ದರು, ಮೇಷ್ಟ್ರ ವರದಿ ಬಂತು, ಬದಲಾಯಿಸಿದಳು. ಯಾರಿಗೂ ಗೊತ್ತಾಗಲಿಲ್ಲ. ಒಂದು ಸಲ ದಕ್ಕಿದ ಉಪಾಯ ಮನುಷ್ಯರನ್ನು ಕೆಡಿಸುತ್ತದೆ.

ನಾಲ್ಕನೆಯ ಲೇಖನ ಮಣ್ಣಿನ ಬಿಲ್ಲೆಯದು. ಬಾವಿಯ ನೀರಿನಲ್ಲಿ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಇದ್ದರೆ, ಒಂದು ಬಗೆಯ ಮಣ್ಣಿಗೆ ಪುಡಿಯೊಂದನ್ನು ಬೆರೆಸಿ ಸುಟ್ಟ ಬಿಲ್ಲೆಯನ್ನು ಕೊಡದಲ್ಲಿ ಹಾಕಿಡಿ, ನೀರು ಶುದ್ಧ. ಬಿಲ್ಲೆ ಒಂದಿಷ್ಟೂ ಕರಗುವುದಿಲ್ಲ, ಇಪ್ಪತ್ತನಾಲ್ಕು ಸಲ ಬಳಸಬಹುದು ಎಂದು ಬರೆದಿದ್ದರು. ಕಾರ್ಡಕ್ಕ ಅದನ್ನು ಮೇಷ್ಟ್ರಿಗೆ ಕಳಿಸಿದಳು. ಹತ್ತನೆಯ ದಿನ ಗುರುತು ಹಾಕಿದಳು.

ಈ ಸಲ ಸಂಪಾದಕರು ಊರಲ್ಲೇ ಇದ್ದರು. ಇನ್ನೊಬ್ಬ ಪರಿಶೀಲಕರ ಒಪ್ಪಿಗೆ ಐದನೆಯ ದಿನವೇ ಬಂದಿತ್ತು. ಅವಳು ಚಹಾ ಕುಡಿದು ವಾಪಸ್ ಬಂದು ಕೂರುವಷ್ಟರಲ್ಲಿ ಲೇಖನ ಸ್ವೀಕೃತವಾಗಿತ್ತು. ಬದಲಾಯಿಸುವ ಗುಂಡಿ ಮಸುಕಾಗಿ, ಒತ್ತಿದರೂ ಅಲುಗುತ್ತಿರಲಿಲ್ಲ. ಹೇಗೂ ಮೇಷ್ಟ್ರು ಒಪ್ಪಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಹದಿಮೂರನೆಯ ದಿನ ಲೇಖನ ಪ್ರಕಟವಾಯಿತು, ಕೆಳಗೆ ಮೇಷ್ಟ್ರ ಹೆಸರು.

ಹತ್ತೊಂಬತ್ತನೆಯ ದಿನ ಅಂಚೆಯಲ್ಲಿ ಅವರ ವರದಿ ಬಂತು. ಮಣ್ಣು ಕಲಸಿ ಒಣಗಿಸಿ ಸುಡುವುದಕ್ಕೆ ಮೂರು ದಿನ. ಹನ್ನೆರಡು ಗಂಟೆಗೊಂದರಂತೆ ಇಪ್ಪತ್ತನಾಲ್ಕು ಸಲ ನೆನೆಸುವುದಕ್ಕೆ ಹನ್ನೆರಡು ದಿನ. ಮತ್ತೆ ಒಣಗಿಸಿ ತೂಗುವುದಕ್ಕೆ ಒಂದು ದಿನ. ‘ನಾನು ಸುಟ್ಟ ಆರು ಬಿಲ್ಲೆಗಳೂ ಹಗುರಾಗಿವೆ. ಮೊದಲಿನ ತೂಕ, ಈಗಿನ ತೂಕ ಪಟ್ಟಿಯಲ್ಲಿದೆ. ಹೋದದ್ದು ಎಲ್ಲಿಗೆ ಹೋಯಿತು? ಕುಡಿಯುವ ನೀರಿಗೇ ಹೋಗಿರಬೇಕು. ಲೇಖಕರು ಇದನ್ನು ತೂಗಿದಂತಿಲ್ಲ. ದಯವಿಟ್ಟು ಪ್ರಕಟಿಸಬೇಡಿ. ತಡಕ್ಕೆ ಕ್ಷಮೆ ಇರಲಿ, ಕಾಯಬೇಕಾಯಿತು.’

ಹತ್ತೇ ದಿನದಲ್ಲಿ ಹದಿನಾರು ದಿನದ ಕೆಲಸವನ್ನು ಯಾವ ಪುಣ್ಯಾತ್ಮ ಮಾಡಿಯಾನು ಎಂದು ಆ ಸಿಸ್ಟಮ್ ಮಾಡಿದವರನ್ನು ಯಾರೂ ಕೇಳಿರಲಿಲ್ಲ.

ಕಾರ್ಡಕ್ಕ ವರದಿ ಹಿಡಿದು ಮ್ಯಾನೇಜರ್ ಬಳಿಗೆ ಓಡಿದಳು. ಆತ ಕೆಟ್ಟವನಲ್ಲ, ನಲವತ್ತರ ಆಸುಪಾಸಿನ, ಯಾವಾಗಲೂ ಕತ್ತು ನೋವು ಎನ್ನುವ ಮನುಷ್ಯ. ಲೇಖನ ತಪ್ಪು ಎಂದಷ್ಟೇ ಹೇಳಿದಳು. ಗುರುತು ಹಾಕಿದ್ದು ತಾನು ಎಂಬುದನ್ನು ಹೇಳಲಿಲ್ಲ. ಆತ ತಕ್ಷಣ ಸಂಪಾದಕರಿಗೆ ಫೋನ್ ಮಾಡಿದ, ಎರಡು ದಿನದಲ್ಲಿ ಲೇಖನ ಹಿಂತೆಗೆದುಕೊಳ್ಳುವುದೆಂದಾಯಿತು. ಬಿಲ್ಲೆ ಯಾರ ಕೊಡಕ್ಕೂ ಬೀಳಲಿಲ್ಲ. ಅಷ್ಟರ ಮಟ್ಟಿಗೆ ಆ ನಾಲ್ಕು ಹಾಳೆ ಕೆಲಸ ಮಾಡಿತು.

ಆದರೆ ಅಷ್ಟರಲ್ಲಿ ಮೇಷ್ಟ್ರ ಎರಡನೆಯ ಪತ್ರ ಬಂತು. ಲೇಖನ ಪ್ರಕಟವಾದ ದಿನ ಸಿಸ್ಟಮ್ ತನ್ನ ಪಾಡಿಗೆ ತಾನು ‘ಲೇಖನವನ್ನು ಒಪ್ಪಿದ್ದಕ್ಕೆ ಧನ್ಯವಾದ’ ಎಂದು ಅವರ ಮಗಳಿಗೆ ಇ-ಮೇಲ್ ಕಳಿಸಿತ್ತು. ಮಗಳು ಅದನ್ನು ತಡವಾಗಿ ನೋಡಿ ಅಪ್ಪನಿಗೆ ಓದಿ ಹೇಳಿದ್ದಳು.

‘ನಾನು ಬಿಲ್ಲೆಗಳನ್ನು ತೂಗುವ ಮೊದಲೇ ಒಪ್ಪಿಗೆ ಬರೆದು ಕಳಿಸಿದ್ದೇನೆ ಎಂದು ತಿಳಿಯಿತು. ನನಗೆ ಅದರ ನೆನಪೇ ಇಲ್ಲ. ನಾನು ಬರೆಯದೆ ಇದ್ದದ್ದನ್ನು ನೀವು ಏರಿಸುವವರಲ್ಲ. ಆದ್ದರಿಂದ ನಾನೇ ಬರೆದಿರಬೇಕು. ಹೀಗೆ ಇನ್ನೇನೇನು ಮರೆತಿದ್ದೇನೋ ತಿಳಿಯದು. ನನ್ನ ಕಾರ್ಡನ್ನು ದಯವಿಟ್ಟು ತೆಗೆದುಬಿಡಿ.’

ಅಕ್ಷರ ಎಂದಿನಂತೆ ಗುಂಡಾಗಿ, ಒಂದೇ ಅಳತೆಯಲ್ಲಿತ್ತು. ಕಾರ್ಡಕ್ಕ ಅದನ್ನು ಎರಡು ಸಲ ಓದಿದಳು. ಆಮೇಲೆ ಮ್ಯಾನೇಜರ್ ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಎಲ್ಲವನ್ನೂ ಹೇಳಿದಳು.

ಆತ ಕತ್ತು ತಿಕ್ಕಿಕೊಂಡ. “ಅಕ್ಕಾ, ಇದನ್ನ ನೀವು ನನಗೆ ಹೇಳಿಲ್ಲ, ನಾನು ಕೇಳಿಲ್ಲ.”

“ಅವರಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದಾರೆ ಸರ್.”

“ಗೊತ್ತಾಯ್ತು. ಆದ್ರೆ ಇದು ಮೇಲಿನ ಕಂಪನಿಗೆ ಗೊತ್ತಾದ್ರೆ ಏನಾಗುತ್ತೆ ಹೇಳಿ. ನೀವು ಟೈಪ್ ಮಾಡಿದ ವರದಿಗಳನ್ನೆಲ್ಲಾ ಕೆದಕ್ತಾರೆ. ಹನ್ನೊಂದು ಪತ್ರಿಕೆ, ಇಪ್ಪತ್ತೆರಡು ಜನ ಕೆಲಸ ಮಾಡ್ತಾ ಇದ್ದೀವಿ ಇಲ್ಲಿ. ನಿಮಗೆ ರಿಟೈರ್ ಆಗೋಕೆ ಇನ್ನು ಎರಡೇ ವರ್ಷ. ಅವರೇ ಮರೆತೆ ಅಂತ ಬರೆದುಕೊಟ್ಟಿದ್ದಾರಲ್ಲ, ಅಲ್ಲಿಗೇ ಬಿಟ್ಟುಬಿಡಿ.”

ಸಂಜೆಯ ಹೊತ್ತಿಗೆ ಹಿಂತೆಗೆತದ ಪ್ರಕಟಣೆ ಸಿದ್ಧವಾಗಿ, ಪ್ರೂಫ್ ನೋಡಲು ಅವಳ ಮೇಜಿಗೇ ಬಂತು. ‘ಪರಿಶೀಲಕರೊಬ್ಬರು ಅನಾರೋಗ್ಯದ ಕಾರಣ ತಪ್ಪಾಗಿ ಒಪ್ಪಿಗೆ ಸೂಚಿಸಿದ್ದರಿಂದ’ ಎಂದಿತ್ತು. ದಿನಾಂಕ ಒಂದು ದಿನ ಹೆಚ್ಚುಕಡಿಮೆಯಾಗಿತ್ತು, ಅದನ್ನು ಸರಿ ಮಾಡಿದಳು. ಉಳಿದದ್ದನ್ನು ಹಾಗೇ ಬಿಟ್ಟು, ಕೆಳಗೆ ತನ್ನ ಸಹಿ ಹಾಕಿ ಕಳಿಸಿದಳು. ಅವಳ ಪರವಾಗಿ ವಕಾಲತ್ತು ವಹಿಸುವ ಉದ್ದೇಶ ನನಗಿಲ್ಲ. ಹೆದರಿದಳು, ಅಷ್ಟೆ.

ಮನೆಯಲ್ಲಿ ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ತಂಗಿ ತಟ್ಟೆ ಮುಂದಿಟ್ಟು, “ಏನಾಗಿದೆ ನಿನಗೆ, ಗೋಡೆ ನೋಡ್ಕೊಂಡು ಊಟ ಮಾಡ್ತಾ ಇದ್ದೀಯ” ಅಂದಾಗ ಕಕ್ಕಿಬಿಟ್ಟಳು. ತಂಗಿಯದು ನೇರ ನಾಲಗೆ, ಆಸ್ಪತ್ರೆಯಲ್ಲಿ ದಿನವಿಡೀ ಸಾಲು ನಿಂತವರನ್ನು ಸಂಭಾಳಿಸುವವಳು.

“ಸುಳ್ಳು ಹೇಳಿದ್ದು ನೀನು, ಕಾಯಿಲೆ ಬಂದಿದ್ದು ಅವರಿಗಾ?” ಅಂದಳು.

“ಕೆಲಸ ಹೋಗುತ್ತೆ ಕಣೇ.”

“ಹೋಗ್ಲಿ. ಇಬ್ಬರ ಹೊಟ್ಟೆಗೆ ನನ್ನದೊಂದು ಸಾಕು. ನನ್ನ ಕೌಂಟರಿಗೆ ಬರ್ತಾರೆ ಅಂಥವರು, ಮರೆವಿಗೆ ಅಂತ ಮಾತ್ರೆ ಇಸ್ಕೊಂಡು ಹೋಗೋಕೆ. ಎದುರಿಗೆ ಕೈ ನಡುಗುತ್ತೆ ಅವರಿಗೆ, ಮರೆತು ಅಲ್ಲ, ಭಯಕ್ಕೆ. ಹೋಗಿ ಹೇಳಿ ಬಾ.”

ಭಾನುವಾರ ಬಸ್ಸು ಹಿಡಿದು ಹೋದಳು. ಮೇಷ್ಟ್ರ ಮನೆ ಎರಡನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದ ಮಗಳು ಅವಳ ಪರಿಚಯ ಕೇಳಿ, “ಕಾರ್ಡಕ್ಕ ಅಂದ್ರೆ ನೀವೇನಾ, ಬನ್ನಿ ಬನ್ನಿ” ಎಂದು ಒಳಗೆ ಕರೆದಳು. ಮೇಷ್ಟ್ರು ಸಣ್ಣ ಆಳು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಆ ನೀಲಿ ಶಾಯಿಯ ಪೆನ್ನು. ಮೂವತ್ತೊಂದು ವರ್ಷ ಅವರ ಅಕ್ಷರವನ್ನು ಓದಿ ಅವಳು ಮನಸ್ಸಿನಲ್ಲಿ ಎತ್ತರದ, ದೊಡ್ಡ ದನಿಯ ಮನುಷ್ಯನನ್ನು ಕಲ್ಪಿಸಿಕೊಂಡಿದ್ದಳು.

ಪ್ರಯೋಗದ ಕೋಣೆಯಲ್ಲೇ ಕೂರಿಸಿದರು. ಕಪಾಟು ಖಾಲಿ. ಕಿಟಕಿ ಪಕ್ಕದ ಕಲ್ಲಿನ ಮೇಜಿನ ಮೇಲೆ ಧೂಳು ಕೂರದ ಒಂದು ಚೌಕ ಹಾಗೇ ಉಳಿದಿತ್ತು.

“ತಕ್ಕಡಿ ಎಲ್ಲಿ ಸರ್?” ಅವಳು ಕೇಳಿದಳು.

“ಕಾಲೇಜಿಗೆ ಕೊಟ್ಟುಬಿಟ್ಟೆ. ತೂಗಿದ್ದನ್ನ ತಲೆಯಲ್ಲಿ ಇಟ್ಟುಕೊಳ್ಳೋಕಾಗದವನ ಹತ್ತಿರ ಅದಕ್ಕೇನು ಕೆಲಸ?”

ಅವಳು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಚದುರಿಹೋದವು. “ನೀವು ಏನನ್ನೂ ಮರೆತಿಲ್ಲ ಸರ್. ಗುರುತು ಹಾಕಿದ್ದು ನಾನು. ನಿಮ್ಮನ್ನ ಪಟ್ಟಿಯಿಂದ ತೆಗೀತಾರಲ್ಲ ಅಂತ ಹಾಕಿದೆ. ಆಮೇಲೆ ಬದಲಾಯಿಸೋಣ ಅಂತಿದ್ದೆ, ಆಗಲಿಲ್ಲ.”

ಅವರು ಒಂದೊಂದೇ ಪ್ರಶ್ನೆ ಕೇಳಿದರು, ವರದಿಯಲ್ಲಿ ಲೇಖಕರನ್ನು ಕೇಳುತ್ತಿದ್ದ ಹಾಗೆಯೇ. ಯಾವ ದಿನ? ಎಷ್ಟು ಹೊತ್ತಿಗೆ? ಆಗ ಪಕ್ಕದಲ್ಲಿ ಯಾರಿದ್ದರು? ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಅವರ ಮುಖ ಸ್ವಲ್ಪ ಸಡಿಲವಾದಂತೆ ಕಂಡಿತು. ಬಂದದ್ದು ಸಾರ್ಥಕವಾಯಿತು ಅಂದುಕೊಂಡಳು.

ಆಗ ಅವರು ಪುಸ್ತಕವೊಂದರ ನಡುವಿನಿಂದ ಮಡಚಿದ ಹಾಳೆ ತೆಗೆದರು. ಹಿಂತೆಗೆತದ ಪ್ರಕಟಣೆ, ಮಗಳು ಮುದ್ರಿಸಿ ತಂದುಕೊಟ್ಟದ್ದು.

“ಇದರ ಪ್ರೂಫ್ ನೋಡಿದ್ದು ಯಾರು?”

“ನಾನೇ ಸರ್.”

“ಇದರಲ್ಲಿ ತಪ್ಪಿದ್ದಿದ್ರೆ ನೀವು ಬಿಡ್ತಿದ್ರಾ?”

ಮೇಷ್ಟ್ರು ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಒಳಗಿಟ್ಟರು.

“ನೋಡಿ ಅಮ್ಮ, ನನ್ನ ಲೇಟನ್ನೆಲ್ಲಾ ಇಷ್ಟು ವರ್ಷ ಹೊಟ್ಟೆಗೆ ಹಾಕ್ಕೊಂಡ್ರಿ. ಈಗ ನನ್ನ ಮರೆವನ್ನೂ ನಿಮ್ಮ ತಲೆ ಮೇಲೆ ಹಾಕ್ಕೊಳ್ತೀರಾ? ಬೇಡ. ನೀವು ಅಂಥವರಲ್ಲ ಅನ್ನೋದನ್ನ ನಾನು ಇನ್ನೂ ಮರೆತಿಲ್ಲ.”

ಅಂದು ನಕ್ಕರು. ಅವಳು ಅಳುತ್ತಿದ್ದಳು. ಆ ಅಳುವನ್ನೂ ಅವರು ಕನಿಕರ ಎಂದೇ ತಿಳಿದರು. ಮಗಳು ಮೆಟ್ಟಿಲಿನವರೆಗೆ ಬಂದು, “ಬಂದಿದ್ದು ಒಳ್ಳೇದಾಯ್ತು. ಡಾಕ್ಟರಿಗೆ ತೋರಿಸಿದ್ವಿ, ವಯಸ್ಸಿಗೆ ತಕ್ಕ ಹಾಗಿದ್ದಾರೆ ಅಂದ್ರು. ಅಪ್ಪ ಒಪ್ತಿಲ್ಲ. ಪ್ರತಿದಿನ ಬೆಳಿಗ್ಗೆ ಗ್ಯಾಸ್ ಆರಿಸಿದ್ನಾ ಅಂತ ನಾಲ್ಕು ಸಲ ಎದ್ದು ಹೋಗಿ ನೋಡ್ತಾರೆ” ಅಂದಳು. ಕಾರ್ಡಕ್ಕ ಅವಳಿಗೂ ನಿಜ ಹೇಳಿದಳು. ಮಗಳು ಅವಳ ಕೈ ಹಿಡಿದು, “ನಿಮ್ಮದು ದೊಡ್ಡ ಮನಸ್ಸು” ಅಂದಳು.

ಸೋಮವಾರ ಕಾರ್ಡಕ್ಕ ಮ್ಯಾನೇಜರ್‌ಗೆ ಹೇಳಿಯೇ ಮೇಲಿನ ಕಂಪನಿಗೆ ಬರೆದಳು. ನಡೆದದ್ದನ್ನು ನಡೆದ ಹಾಗೆ, ದಿನ ಗಂಟೆ ಸಮೇತ. ಪ್ರಕಟಣೆ ಬದಲಾಯಿಸಿ, ಮೇಷ್ಟ್ರ ತಪ್ಪಲ್ಲ ಎಂದು ಹಾಕಿ, ನನ್ನನ್ನು ಏನು ಬೇಕಾದರೂ ಮಾಡಿ ಎಂದು ಕೇಳಿಕೊಂಡಳು. ಮೇಜಿನ ಖಾನೆಗಳನ್ನು ಖಾಲಿ ಮಾಡತೊಡಗಿದಳು. ಆ ವಾರ ಅವಳಿಗೆ ಊಟ ಸೇರಿತು, ನಿದ್ದೆ ಬಂತು.

ಮುಂದಿನ ಸೋಮವಾರ ಅಂಚೆಯಲ್ಲಿ ನೀಲಿ ಶಾಯಿಯ ಲಕೋಟೆ ಬಂತು. ಕಂಪನಿಯವರು ಅವಳ ಮಾತು ನಿಜವೇ ಎಂದು ಮೇಷ್ಟ್ರನ್ನೇ ಇ-ಮೇಲ್‌ನಲ್ಲಿ ಕೇಳಿದ್ದರು. ಅವರು ಉತ್ತರವನ್ನು ತಮಗೆ ಗೊತ್ತಿದ್ದ ಒಂದೇ ವಿಳಾಸಕ್ಕೆ ಕಳಿಸಿದ್ದರು. ನಾಲ್ಕು ಹಾಳೆಯಿಲ್ಲ, ಅರ್ಧ ಹಾಳೆ.

‘ತಮ್ಮ ಪ್ರಶ್ನೆ ಇಂದು ಬೆಳಿಗ್ಗೆ ತಲುಪಿತು. ಕಾಯುವ ಅಗತ್ಯ ಕಾಣದೆ ಇಂದೇ ಉತ್ತರಿಸುತ್ತಿದ್ದೇನೆ. ಒಪ್ಪಿಗೆ ಕೊಟ್ಟದ್ದು ನಾನೇ. ಈ ಹೆಣ್ಣುಮಗಳು ಮೂವತ್ತೊಂದು ವರ್ಷದಲ್ಲಿ ನಾನು ಬರೆಯದ ಒಂದು ಅಕ್ಷರವನ್ನೂ ಸೇರಿಸಿದವರಲ್ಲ. ನನ್ನ ಮಾನ ಕಾಯಲು ತಪ್ಪನ್ನು ತಮ್ಮ ಮೇಲೆ ಹೊತ್ತುಕೊಂಡಿದ್ದಾರೆ. ಅವರ ಮೇಲೆ ಯಾವ ಕ್ರಮವೂ ಬೇಡ.’

ಮೇಷ್ಟ್ರ ಪತ್ರಗಳನ್ನು ಸಿಸ್ಟಮ್‌ಗೆ ಏರಿಸುವುದು ಅವಳದೇ ಕೆಲಸ. ಹರಿದು ಹಾಕಬಹುದಿತ್ತು, ಅವಳ ಕೈ ಅದರ ಅಂಚಿನವರೆಗೆ ಹೋಗಿತ್ತು ಕೂಡ. ಆದರೆ ಅವರು ಬರೆದದ್ದನ್ನು ಬರೆದ ಹಾಗೆ ಕಳಿಸದೆ ಇದ್ದುದಕ್ಕೇ ಅಲ್ಲವೇ ಇಷ್ಟೆಲ್ಲ ಆದದ್ದು. ಕೀಬೋರ್ಡ್ ಎಳೆದುಕೊಂಡು ಅಕ್ಷರ ಬಿಡದೆ ಟೈಪು ಮಾಡಿದಳು. ಅಂತಿಮಗೊಳಿಸಲೇ ಎಂದು ಕೇಳಿತು, ಹೂಂ ಎಂದು ಒತ್ತಿದಳು. ದೂರು ಮುಕ್ತಾಯವಾಗಿದೆ ಎಂಬ ಉತ್ತರ ಅವಳು ಕನ್ನಡಕ ತೆಗೆದಿಡುವ ಮೊದಲೇ ಬಂತು.

ಪೆಟ್ಟಿಗೆಯಿಂದ ಮೇಷ್ಟ್ರ ಕಾರ್ಡು ತೆಗೆದಳು. ತೆಗೆದುಬಿಡಿ ಎಂದು ಅವರು ಹೇಳಿ ಎರಡು ವಾರವಾಗಿದ್ದರೂ ಅದು ಅಲ್ಲೇ ಇತ್ತು. ಹಿಂಬದಿಯಲ್ಲಿ ಅಂಕಿಗಳ ಉದ್ದ ಸಾಲು. ನಲವತ್ತೆರಡು, ಮೂವತ್ತೆಂಟು, ಐವತ್ತೊಂದು, ಹತ್ತೊಂಬತ್ತು. ಅದರ ಕೆಳಗೆ, ಉಳಿದಿದ್ದ ಒಂದೇ ಸಾಲಿನ ಜಾಗದಲ್ಲಿ, ‘ಅದೇ ದಿನ’ ಎಂದು ಬರೆದಳು.